ಲಾರಿ ನೇರ ಓಡದಿದ್ದರೆ ಹಿಂದಿನಿಂದ ಹುಡುಕಿ

ಹೋದ ಆಷಾಢದಲ್ಲಿ ತುಮಕೂರಿನ ಅಂತರಸನಹಳ್ಳಿ ಹತ್ತಿರದ ನಮ್ಮ ಶೆಡ್ಡಿಗೆ ಒಂದು ಹನ್ನೆರಡು ಚಕ್ರದ ಲಾರಿ ಬಂತು. ವಸಂತನರಸಾಪುರದಿಂದ ಹುಬ್ಬಳ್ಳಿ ಕಡೆಗೆ ಲೋಡ್ ಹೊಡೆಯುವ ಗಾಡಿ. ಡ್ರೈವರಣ್ಣ ಇಳಿದವನೇ ಬಲ ಭುಜ ಉಜ್ಜಿಕೊಂಡ. “ಮೇಸ್ತ್ರಿ, ಸ್ಟೇರಿಂಗ್ ಹಿಡಿದೂ ಹಿಡಿದೂ ಭುಜ ಹಿಡ್ಕೊಂಡಿದೆ. ಸ್ವಲ್ಪ ಸಡಿಲ ಬಿಟ್ರೆ ಎಡಕ್ಕೆ ಹೋಗ್ತದೆ. ಶಿರಾ ದಾಟಿದ ಮೇಲಂತೂ ಗಾಡಿ ನನ್ನ ಮಾತೇ ಕೇಳಲ್ಲ” ಅಂದ.

ಅಷ್ಟರಲ್ಲಿ ಮಾಲೀಕರು ಸ್ಟೇರಿಂಗ್ ಬಾಕ್ಸ್, ಅಂದರೆ ಸ್ಟೇರಿಂಗ್ ತಿರುಗಿಸಿದ್ದನ್ನು ಚಕ್ರಕ್ಕೆ ಮುಟ್ಟಿಸುವ ಗೇರಿನ ಪೆಟ್ಟಿಗೆ, ಬದಲಾಯಿಸಿದ್ದರು. ಮುಂದಿನ ನಾಲ್ಕೂ ಟೈಯರ್ ಹೊಸದು ಹಾಕಿಸಿದ್ದರು. ಎರಡು ಸಲ ಚಕ್ರಗಳ ದಿಕ್ಕು ಹೊಂದಿಸುವ ಅಲೈನ್‌ಮೆಂಟ್ ಆಗಿತ್ತು. ಹೊಸ ಟೈಯರ್ ಕೂಡ ಒಂದೇ ಪಕ್ಕ ಸವೆಯಲು ಶುರುವಾಗಿತ್ತು. ಇಷ್ಟು ದುಡ್ಡು ಮುಂದೆ ಸುರಿದರೂ ಹಿಂದೆ ಯಾರೂ ಬಗ್ಗಿ ನೋಡಿರಲಿಲ್ಲ.

ಸಾಕಷ್ಟು ಗಾಡಿಗಳಲ್ಲಿ ನಾನು ಇದನ್ನೇ ಕಂಡಿದ್ದೇನೆ. ತೊಂದರೆ ಗೊತ್ತಾಗುವುದು ಸ್ಟೇರಿಂಗಿನಲ್ಲಿ. ಅದಕ್ಕೇ ಎಲ್ಲರ ಕೈ ಮೊದಲು ಅಲ್ಲಿಗೇ ಹೋಗುತ್ತದೆ. ಆದರೆ ಹತ್ತು, ಹನ್ನೆರಡು, ಹದಿನಾಲ್ಕು ಚಕ್ರದ ಗಾಡಿಯನ್ನು ಹಿಂದಿನ ಆಕ್ಸಲ್‌ಗಳು ತಳ್ಳುತ್ತವೆ. ಅವು ಯಾವ ದಿಕ್ಕಿಗೆ ತಳ್ಳುತ್ತವೋ ಮುಂದಿನ ಚಕ್ರ ಅದರ ಜೊತೆ ಗುದ್ದಾಡುತ್ತದೆ. ಹಾಗಾಗಿ ಲೋಡು, ಟೈಯರು, ಹಿಂದಿನ ಆಕ್ಸಲ್, ಆಮೇಲೆ ಮುಂದಿನ ಆಕ್ಸಲ್ ನೋಡಿ. ಸ್ಟೇರಿಂಗ್ ಬಾಕ್ಸ್ ಎಲ್ಲದರ ಕೊನೆಗೆ. ನಾನು ಹುಡುಕುವುದು ಈ ಕ್ರಮದಲ್ಲೇ.

ಪಾನಾ ಹಿಡಿಯುವ ಮೊದಲು ಡ್ರೈವರ್ ಮಾತು ಕೇಳಿ

ದಿನಕ್ಕೆ ಹತ್ತು ತಾಸು ಆ ಸೀಟಿನಲ್ಲಿ ಕೂರುವವನಿಗೆ ಗೊತ್ತಿರುವಷ್ಟು ಯಾವ ಮಿಷನ್ನಿಗೂ ಗೊತ್ತಿಲ್ಲ. ಕೇಳುವುದನ್ನು ಸರಿಯಾಗಿ ಕೇಳಬೇಕು, ಅಷ್ಟೆ.

ಗಾಡಿ ಯಾವಾಗಲೂ ಒಂದೇ ಕಡೆಗೆ ಎಳೆಯುತ್ತದೆಯೋ, ಎರಡೂ ಕಡೆಗೆ ಅಲೆಯುತ್ತದೆಯೋ? ಇದು ಮೊದಲ ಪ್ರಶ್ನೆ. ಒಂದೇ ಕಡೆಗೆ ಎಳೆದರೆ ಎಡಕ್ಕೂ ಬಲಕ್ಕೂ ಎಲ್ಲೋ ವ್ಯತ್ಯಾಸ ಇದೆ ಅಂತ ಅರ್ಥ. ಟೈಯರಿನೊಳಗಿನ ಗಾಳಿ, ಟೈಯರು, ಬ್ರೇಕು, ಸೊಟ್ಟಗಾದ ಆಕ್ಸಲ್ ಇಂಥದ್ದು. ಎರಡೂ ಕಡೆಗೆ ಅಲೆದರೆ ಎಲ್ಲೋ ಸಡಿಲ ಇದೆ, ಇಲ್ಲವೇ ಸ್ಟೇರಿಂಗನ್ನು ತಾನಾಗಿ ನೇರಕ್ಕೆ ತರುವ ಕ್ಯಾಸ್ಟರ್ ಅನ್ನುವ ಒರಗು ಕಡಿಮೆಯಾಗಿದೆ. ತಿರುವಿನಲ್ಲಿ ಮಾತ್ರ ಓಲಾಡಿದರೆ ಲೋಡು, ಕಮಾನು (ಬ್ಲೇಡುಗಳನ್ನು ಪೇರಿಸಿದ ಸ್ಪ್ರಿಂಗು), ಕುಲುಕು ತಡೆಯುವ ಶಾಕ್ ಅಬ್ಸಾರ್ಬರ್ ಕಡೆ ಗಮನ ಕೊಡಿ. ಬ್ರೇಕ್ ಒತ್ತಿದಾಗ ಮಾತ್ರ ಎಳೆದರೆ ಅಲೈನ್‌ಮೆಂಟಿಗೆ ದುಡ್ಡು ಹಾಕಲೇಬೇಡಿ, ಬ್ರೇಕ್ ಬಿಚ್ಚಿ.

ಇನ್ನೊಂದು ಪ್ರಶ್ನೆ ನನಗೆ ತುಂಬಾ ಸಲ ದಾರಿ ತೋರಿಸಿದೆ. “ಅಣ್ಣ, ಇದು ಯಾವ ಕೆಲಸ ಮಾಡಿಸಿದ ಮೇಲೆ ಶುರುವಾಯ್ತು?” ಕಮಾನಿಗೆ ಬ್ಲೇಡ್ ಹಾಕಿಸಿದ ಮೇಲೆ, ಗುಂಡಿಗೆ ಬಿದ್ದ ಮೇಲೆ, ಟೈಯರ್ ಬದಲಾಯಿಸಿದ ಮೇಲೆ ಅಂತ ಉತ್ತರ ಬಂದರೆ ಅರ್ಧ ಕೆಲಸ ಅಲ್ಲೇ ಮುಗಿಯಿತು.

ದೋಷ ರಸ್ತೆಯದ್ದೋ ಗಾಡಿಯದ್ದೋ?

ನೀರು ಹರಿದುಹೋಗಲಿ ಅಂತ ರಸ್ತೆಗೆ ಪಕ್ಕಕ್ಕೆ ಇಳಿಜಾರು ಕೊಟ್ಟಿರುತ್ತಾರೆ. ಡಾಂಬರು ರಸ್ತೆಯಲ್ಲಿ ಅದು ನೂರಕ್ಕೆ ಎರಡರ ಆಸುಪಾಸು. ನಾವು ಎಡಪಕ್ಕ ಓಡಿಸುತ್ತೇವೆ, ಇಳಿಜಾರೂ ಎಡಕ್ಕೇ ಇರುತ್ತದೆ. ಸರಿಯಾಗಿರುವ ಗಾಡಿಯೂ ಕೈಬಿಟ್ಟರೆ ನಿಧಾನವಾಗಿ ಎಡಕ್ಕೆ ಸರಿಯುತ್ತದೆ. ಅದು ದೋಷವಲ್ಲ. ಊರುಕೆರೆ ದಾಟಿ ಹೆದ್ದಾರಿ 48ರಲ್ಲಿ ಸೀಬಿ ಕಡೆಗೆ ಒಂದು ಸುತ್ತು ಹೋಗಿಬನ್ನಿ. ಟ್ರಾಫಿಕ್ ಇಲ್ಲದ ಕಡೆ ಮಟ್ಟವಾದ ಜಾಗ ನೋಡಿ ಸ್ಟೇರಿಂಗ್ ಸಡಿಲ ಹಿಡಿಯಿರಿ. ಕೈ ಪೂರ್ತಿ ತೆಗೆಯಬೇಡಿ. ಇಳಿಜಾರು ಬೇರೆ ಕಡೆಗಿರುವ ಜಾಗದಲ್ಲೂ ಎಡಕ್ಕೇ ಎಳೆದರೆ ಆಗ ಗಾಡಿಯದ್ದೇ ದೋಷ.

ಶಿರಾ ದಾಟಿ ಹಿರಿಯೂರು, ಚಿತ್ರದುರ್ಗದ ಬಯಲಿಗೆ ಬಂದರೆ ಆಷಾಢದ ಗಾಳಿ. ಅಲ್ಲಿನ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ನೆ ಅಲ್ಲ. ಎತ್ತರದ ಬಾಡಿ ಇರುವ ಖಾಲಿ ಕಂಟೇನರ್ ಗಾಡಿಗೆ ಅಡ್ಡಗಾಳಿ ಬಡಿದರೆ ಹೊಸ ಗಾಡಿಯೂ ಓಲಾಡುತ್ತದೆ. ಅಲ್ಲಿ ಇರುವ ಮದ್ದು ವೇಗ ಇಳಿಸುವುದೊಂದೇ. ಆದರೆ ಒಂದು ಮಾತು. ಗಾಳಿ ಹೊಸ ದೋಷ ತರುವುದಿಲ್ಲ, ಇರುವ ಸಡಿಲವನ್ನು ದೊಡ್ಡದು ಮಾಡಿ ತೋರಿಸುತ್ತದೆ. ಗಾಳಿ ನಿಂತ ಮೇಲೂ ಗಾಡಿ ಅಲೆದರೆ ಮುಂದೆ ಓದಿ.

ಲೋಡು

ಖಾಲಿಯಲ್ಲಿ ಸರಿ, ಲೋಡಿನಲ್ಲಿ ಮಾತ್ರ ತೊಂದರೆ ಅಂದರೆ ಮೊದಲು ವೇ ಬ್ರಿಡ್ಜಿಗೆ ಹೋಗಿ. ಒಟ್ಟು ತೂಕ ಒಂದನ್ನೇ ನೋಡಬೇಡಿ. ಮುಂದಿನ ಚಕ್ರಗಳನ್ನು ಮಾತ್ರ ಹತ್ತಿಸಿ ಒಂದು ತೂಕ, ಹಿಂದಿನವನ್ನು ಮಾತ್ರ ಹತ್ತಿಸಿ ಇನ್ನೊಂದು ತೂಕ ತೆಗೆಸಿ. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ತೂಕದ ಮಿತಿ ಏರಿಸಿತು. ನಾಲ್ಕು ಟೈಯರಿನ ಒಂಟಿ ಆಕ್ಸಲ್‌ಗೆ 10.2 ಟನ್ ಇದ್ದದ್ದು 11.5 ಆಯಿತು. ಹಿಂದಿನ ಜೋಡಿ ಆಕ್ಸಲ್‌ಗೆ 19 ಇದ್ದದ್ದು 21 ಟನ್ ಆಯಿತು. ಆದರೆ ಹಳೇ ಗಾಡಿಯ ಕಮಾನು, ಬ್ರೇಕು, ಟೈಯರು ಹಳೇ ಲೆಕ್ಕಕ್ಕೇ ಮಾಡಿದ್ದು. ಕಾಗದದ ಮೇಲೆ ಮಿತಿ ಏರಿದ ಮಾತ್ರಕ್ಕೆ ಅವುಗಳಿಗೆ ಬಲ ಬರುವುದಿಲ್ಲ.

ಭಾರ ಎಲ್ಲಿ ಕೂತಿದೆ ಅನ್ನುವುದು ಎಷ್ಟು ಭಾರ ಇದೆ ಅನ್ನುವಷ್ಟೇ ಮುಖ್ಯ. ಗ್ರಾನೈಟ್ ಕಲ್ಲನ್ನು ಇಳಿಸಲು ಸುಲಭ ಅಂತ ಬಾಡಿಯ ಹಿಂತುದಿಗೆ ಇಟ್ಟರೆ ಮುಂದಿನ ಆಕ್ಸಲ್ ಹಗುರವಾಗುತ್ತದೆ. ಸ್ಟೇರಿಂಗ್ ತುಂಬಾ ನಯವಾಗಿ ತಿರುಗುತ್ತದೆ, ಡ್ರೈವರಿಗೆ ಹಿತವೂ ಅನ್ನಿಸಬಹುದು. ಆದರೆ ಮುಂದಿನ ಟೈಯರಿಗೆ ರಸ್ತೆಯ ಹಿಡಿತ ಇರುವುದಿಲ್ಲ. ಮಳೆಯಲ್ಲಿ ಇದು ಜೀವಕ್ಕೇ ಅಪಾಯ.

ಎತ್ತರದ ಲೆಕ್ಕ ಇನ್ನೂ ಮುಖ್ಯ. ಚಕ್ರಗಳ ನಡುವಿನ ಅಗಲ 1.8 ಮೀಟರ್ ಅಂದುಕೊಳ್ಳಿ. ಅರ್ಧ 0.9. ಭಾರದ ನಡುಬಿಂದು ನೆಲದಿಂದ 1.5 ಮೀಟರ್ ಎತ್ತರದಲ್ಲಿದ್ದರೆ 0.9 ಭಾಗಿಸು 1.5, ಅಂದರೆ 0.6. ಗಾಡಿಯ ತೂಕದ ಶೇಕಡಾ 60ರಷ್ಟು ಬಲ ಪಕ್ಕಕ್ಕೆ ಬಿದ್ದಾಗ ಅದು ಮಗುಚುತ್ತದೆ. ತೆಂಗಿನ ನಾರಿನ ಉಂಡೆಗಳನ್ನು ಮೇಲಕ್ಕೆ ಮೇಲಕ್ಕೆ ಪೇರಿಸಿ ಆ ನಡುಬಿಂದು 2.2 ಮೀಟರಿಗೆ ಏರಿದರೆ ಶೇಕಡಾ 41 ಸಾಕು. ಕಮಾನು, ಟೈಯರು ಒಂದು ಪಕ್ಕಕ್ಕೆ ಕುಗ್ಗುವುದರಿಂದ ನಿಜದಲ್ಲಿ ಅದಕ್ಕಿಂತ ಕಡಿಮೆಗೇ ಮಗುಚುತ್ತದೆ. 60 ಮೀಟರ್ ತ್ರಿಜ್ಯದ ಮಟ್ಟವಾದ ತಿರುವಿನಲ್ಲಿ 40ರ ವೇಗದಲ್ಲಿ ಬೀಳುವ ಬಲ ಶೇಕಡಾ 21. 50ರಲ್ಲಿ 33. 60ರಲ್ಲಿ 47. “ನಲವತ್ತರಲ್ಲಿ ಏನೂ ಆಗ್ಲಿಲ್ಲ, ಅರವತ್ತರಲ್ಲಿ ಏನಾಗುತ್ತೆ” ಅನ್ನುವ ಹುಡುಗರಿಗೆ ನಾನು ಈ ಲೆಕ್ಕವನ್ನು ಸೀಮೆಸುಣ್ಣದಲ್ಲಿ ಶೆಡ್ಡಿನ ನೆಲದ ಮೇಲೆ ಬರೆದು ತೋರಿಸುತ್ತೇನೆ.

ಟ್ಯಾಂಕರಾದರೆ ಅರ್ಧ ತುಂಬಿದ್ದು ಪೂರ್ತಿ ತುಂಬಿದ್ದಕ್ಕಿಂತ ಕಷ್ಟ. ಒಳಗೆ ದ್ರವ ಅಲೆಯಾಗಿ ಬಡಿಯುತ್ತದೆ. ಒಳಗಿನ ತಡೆಗೋಡೆ ತುಕ್ಕು ಹಿಡಿದು ಕಿತ್ತುಹೋಗಿದೆಯೇ ಅಂತ ನೋಡಿಸಿ. ಟ್ಯಾಂಕನ್ನು ತೊಳೆದು ಗಾಳಿಯಾಡಲು ಬಿಡದೆ ಯಾರನ್ನೂ ಒಳಗೆ ಇಳಿಸಬೇಡಿ.

ಎತ್ತಿ ಇಳಿಸುವ ಲಿಫ್ಟ್ ಆಕ್ಸಲ್ ಇದ್ದರೆ ಲೋಡಿನಲ್ಲಿ ಅದನ್ನು ಇಳಿಸಿಯೇ ಓಡಿಸಬೇಕು. ಅದರ ಗಾಳಿಚೀಲದ ಒತ್ತಡ ಕಂಪನಿ ಹೇಳಿದಷ್ಟೇ ಇರಲಿ. ಜಾಸ್ತಿಯಾದರೆ ಅದು ತಳ್ಳುವ ಆಕ್ಸಲ್‌ನ ಭಾರವನ್ನು ತಾನೇ ಹೊತ್ತುಕೊಳ್ಳುತ್ತದೆ, ಆಗ ಒದ್ದೆ ರಸ್ತೆಯಲ್ಲಿ ಚಕ್ರ ಜಾರುತ್ತದೆ.

ಟೈಯರು ಹೇಳುವ ಮಾತು

ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಎಲ್ಲಾ ಟೈಯರಿನ ಗಾಳಿ ಮೀಟರ್ ಇಟ್ಟು ನೋಡಿ. ಒಳಗಿನ ಟೈಯರನ್ನು ಬಿಡಬೇಡಿ. ಅದರ ವಾಲ್ವಿಗೆ ಕೈ ಎಟುಕುವುದಿಲ್ಲ ಅಂತ ತಿಂಗಳುಗಟ್ಟಲೆ ಬಿಟ್ಟಿರುತ್ತಾರೆ. ರಾಡಿನಿಂದ ತಟ್ಟಿ ಸದ್ದು ಕೇಳುವುದು ಪಂಕ್ಚರ್ ಹುಡುಕಲು ಸರಿ, ಗಾಳಿ ಅಳೆಯಲು ಅಲ್ಲ. ಜೋಡಿ ಟೈಯರಿನಲ್ಲಿ ಒಂದು ಹಳೆಯದು ಒಂದು ಹೊಸದು ಹಾಕಿದ್ದರೆ ದೊಡ್ಡದೇ ಭಾರವನ್ನೆಲ್ಲ ಹೊರುತ್ತದೆ. ಸುತ್ತಳತೆಯನ್ನು ಟೇಪಿನಿಂದ ನೋಡಿ. ಎರಡರ ನಡುವೆ 19 ಮಿಲಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ರೇಡಿಯಲ್ ಟೈಯರನ್ನೂ ನೈಲಾನ್ ಟೈಯರನ್ನೂ ಒಂದೇ ಆಕ್ಸಲ್‌ನಲ್ಲಿ ಬೆರೆಸಲೇಬಾರದು. ಎರಡರ ಹಿಡಿತವೂ ಬಾಗುವ ರೀತಿಯೂ ಬೇರೆ.

ಒಂದೇ ಕಡೆ ಎಳೆಯುವ ಗಾಡಿಗೆ ಅರ್ಧ ಗಂಟೆಯ ಒಂದು ಪರೀಕ್ಷೆ ಇದೆ. ಮುಂದಿನ ಎಡ ಬಲ ಟೈಯರನ್ನು ಅದಲು ಬದಲು ಮಾಡಿ ಓಡಿಸಿ. ಎಳೆತ ಇನ್ನೊಂದು ಕಡೆಗೆ ಹೋದರೆ ಟೈಯರಿನದೇ ದೋಷ. ಹಾಗೇ ಉಳಿದರೆ ಟೈಯರಿನದಲ್ಲ.

ಈಗ ಅಂಗೈಯನ್ನು ಮುಂದಿನ ಟೈಯರಿನ ಮೈಮೇಲೆ ಉಬ್ಬಿರುವ ರಬ್ಬರ್ ಗುಂಡಿಗಳ ಮೇಲೆ ಅಡ್ಡಕ್ಕೆ ಸವರಿ. ತಂತಿ ಚುಚ್ಚಿಕೊಂಡಿದೆಯೇ ಅಂತ ಮೊದಲು ಕಣ್ಣಲ್ಲಿ ನೋಡಿಕೊಳ್ಳಿ. ಒಂದು ದಿಕ್ಕಿಗೆ ನಯ, ಇನ್ನೊಂದು ದಿಕ್ಕಿಗೆ ಗರಗಸದಂತೆ ಚುಚ್ಚಿದರೆ ಟೈಯರ್ ಪಕ್ಕಕ್ಕೆ ಉಜ್ಜಿಕೊಂಡು ಓಡುತ್ತಿದೆ. ಎರಡೂ ಟೈಯರಿನ ಚೂಪು ಗಾಡಿಯ ಒಳಮುಖಕ್ಕಿದ್ದರೆ ಟೋ ಇನ್, ಅಂದರೆ ಎರಡೂ ಚಕ್ರದ ಮುಂತುದಿ ಒಳಕ್ಕೆ ತಿರುಗಿರುವುದು, ಜಾಸ್ತಿಯಾಗಿದೆ. ಎರಡೂ ಹೊರಮುಖಕ್ಕಿದ್ದರೆ ಟೋ ಔಟ್ ಆಗಿದೆ, ಮುಂತುದಿ ಹೊರಕ್ಕೆ ತಿರುಗಿದೆ. ಎಡ ಟೈಯರಿನ ಚೂಪೂ ಬಲ ಟೈಯರಿನ ಚೂಪೂ ಒಂದೇ ದಿಕ್ಕಿಗೆ, ಉದಾಹರಣೆಗೆ ಎರಡೂ ಬಲಕ್ಕೆ ಇದ್ದರೆ? ಆಗ ಮುಂದಿನ ಎಡ ಬಲ ಚಕ್ರ ಜೋಡಿಸುವ ಟೈ ರಾಡ್ ಮುಟ್ಟಬೇಡಿ. ಹಿಂದಿನ ಆಕ್ಸಲ್ ಸೊಟ್ಟಗಿದೆ. ಆ ಹುಬ್ಬಳ್ಳಿ ಗಾಡಿಯ ಹೊಸ ಟೈಯರು ನನಗೆ ಹೇಳಿದ್ದು ಇದನ್ನೇ.

ಹಿಂದಿನ ಆಕ್ಸಲ್ ಅಳೆಯುವುದು

ಇದಕ್ಕೆ ದೊಡ್ಡ ಮಿಷನ್ ಬೇಕಿಲ್ಲ. ಟೇಪು, ನೂಲು, ಗಾರೆಯವರು ಗೋಡೆ ನೋಡುವ ತೂಗುಗುಂಡು ಸಾಕು. ಮಟ್ಟವಾದ ನೆಲದ ಮೇಲೆ ಗಾಡಿಯನ್ನು ಹತ್ತಿಪ್ಪತ್ತು ಅಡಿ ನೇರವಾಗಿ ಮುಂದಕ್ಕೆ ತಂದು ನಿಧಾನ ನಿಲ್ಲಿಸಿ. ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಟ್ಟು ಪಾರ್ಕಿಂಗ್ ಬ್ರೇಕ್ ಬಿಡಿ.

ಮೊದಲು ಎರಡು ಹಿಂದಿನ ಆಕ್ಸಲ್‌ಗಳ ಹಬ್ಬಿನ (ಚಕ್ರ ಕೂರುವ ನಡುಭಾಗದ) ನಡುವಿನಿಂದ ನಡುವಿಗೆ ಅಳೆಯಿರಿ, ಎಡಕ್ಕೊಂದು, ಬಲಕ್ಕೊಂದು. ವ್ಯತ್ಯಾಸ 3 ಮಿಲಿಮೀಟರ್ ಒಳಗಿರಬೇಕು. ಎರಡೂ ಆಕ್ಸಲ್ ಒಂದಕ್ಕೊಂದು ಸಮ ಇದ್ದರೂ ಎರಡೂ ಸೇರಿ ಸೊಟ್ಟಗಿರಬಹುದು. ಅದಕ್ಕೆ ಚಾಸಿಯ (ಗಾಡಿಯ ಕಬ್ಬಿಣದ ಚೌಕಟ್ಟಿನ) ಎರಡೂ ಪಕ್ಕದ ಒಂದೇ ಜೋಡಿ ತೂತಿನಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಗುರುತು ಹಾಕಿ, ಅಲ್ಲಿಂದ ಹಬ್ಬಿಗೆ ಅಳೆಯಿರಿ. ಮುಂದಿನ ಚಕ್ರದಿಂದ ಅಳೆಯಬೇಡಿ. ಅದು ಒಂದು ಕೂದಲೆಳೆ ತಿರುಗಿದ್ದರೂ ಲೆಕ್ಕ ತಪ್ಪುತ್ತದೆ. ಚಾಸಿಯೇ ಸೊಟ್ಟಗಿರಬಹುದು ಅಂತ ಅನುಮಾನ ಬಂದರೆ ಮೂಲೆಯಿಂದ ಮೂಲೆಗೂ ಅಳೆದುಬಿಡಿ.

ಹಿಂದಿನ ಆಕ್ಸಲ್ ಯಾವ ಪಕ್ಕದಲ್ಲಿ ಮುಂದಕ್ಕೆ ಬಂದಿದೆಯೋ ಗಾಡಿ ಆ ಪಕ್ಕಕ್ಕೆ ತಿರುಗಲು ನೋಡುತ್ತದೆ. ಡ್ರೈವರ್ ಸ್ಟೇರಿಂಗನ್ನು ಸದಾ ಎದುರು ಕಡೆಗೆ ಹಿಡಿದಿರಬೇಕು. ನಮ್ಮ ಗಾಡಿಯಲ್ಲಿ ಎಡಪಕ್ಕ 14 ಮಿಲಿಮೀಟರ್ ಮುಂದಿತ್ತು. ಎಡಕ್ಕೆ ಎಳೆಯುತ್ತಿದ್ದದ್ದೂ, ಅಣ್ಣನ ಬಲ ಭುಜ ನೋಯುತ್ತಿದ್ದದ್ದೂ ಇದಕ್ಕೇ.

ಆಕ್ಸಲ್ ಸರಿಯಲು ಕಾರಣ ಏನು? ಆಕ್ಸಲನ್ನು ಚಾಸಿಗೆ ಹಿಡಿದಿಡುವ ಟಾರ್ಕ್ ರಾಡಿನ ರಬ್ಬರ್ ಬುಶ್ ನೋಡಿ. ಸೀಳು ಬಿಟ್ಟಿದ್ದರೆ, ಕಬ್ಬಿಣಕ್ಕೆ ಕಬ್ಬಿಣ ತಾಗಿ ಹೊಳೆಯುತ್ತಿದ್ದರೆ ಹೋಯಿತು ಅಂತಲೇ. ಗಾಡಿಯನ್ನು ಅರ್ಧ ಅಡಿ ಮುಂದೆ, ಅರ್ಧ ಅಡಿ ಹಿಂದೆ ಮಾಡಿ ಬ್ರೇಕ್ ಹಿಡಿಯಲು ಹೇಳಿ, ನೀವು ದೂರದಿಂದ ಪಕ್ಕದಲ್ಲಿ ನಿಂತು ಟಾರ್ಚ್ ಬಿಡಿ. ಆಕ್ಸಲ್ ಒಂದು ಪಕ್ಕ ಮೊದಲು ಕದಲುವುದು ಕಣ್ಣಿಗೆ ಕಾಣುತ್ತದೆ. ಎಂಜಿನ್ ಓಡುವಾಗ ಗಾಡಿಯ ಅಡಿಗೆ ಹೋಗಬೇಡಿ, ಯಾರನ್ನೂ ಕಳಿಸಬೇಡಿ.

ಬುಶ್ ಸರಿ ಇದ್ದರೆ ಕಮಾನನ್ನು ಆಕ್ಸಲ್ಲಿಗೆ ಬಿಗಿಯುವ ಯು ಬೋಲ್ಟ್ ನೋಡಿ. ಅದು ಸಡಿಲವಾದರೆ ಕಮಾನಿನ ಸೆಂಟರ್ ಬೋಲ್ಟ್ ಒಂದರ ಮೇಲೇ ಎಲ್ಲಾ ಒತ್ತಡ ಬೀಳುತ್ತದೆ. ಅದು ಕಟ್ಟಾದ ದಿನ ಆಕ್ಸಲ್ ಜಾರುತ್ತದೆ. ಬ್ಲೇಡಿನ ಪಕ್ಕ ಕೆಂಪು ತುಕ್ಕಿನ ಪುಡಿ, ಇಲ್ಲವೇ ಉಜ್ಜಿ ಹೊಳೆಯುವ ಗೆರೆ ಕಂಡರೆ ಅಲ್ಲಿ ಏನೋ ಸರಿದಾಡುತ್ತಿದೆ. ಕಮಾನಿನ ತುದಿಯ ಶಾಕಲ್ ಪಿನ್ನು, ಬೋಗಿಯ (ಹಿಂದಿನ ಜೋಡಿ ಆಕ್ಸಲ್ಲಿನ) ನಡುವಿನ ಟ್ರನಿಯನ್ ಬುಶ್ ಇವನ್ನೂ ರಾಡ್ ಹಾಕಿ ಮೀಟಿ ನೋಡಿ.

ಬ್ಲೇಡ್ ಏರಿಸಿದ ಗಾಡಿ

ಇದನ್ನು ಬಿಡಿಸಿ ಹೇಳಬೇಕು. ನಮ್ಮ ಕಡೆ ಮಾಲೀಕರು ಜಾಸ್ತಿ ಲೋಡ್ ಹೊರಲಿ ಅಂತ ಹಿಂದೆ ಒಂದೆರಡು ಬ್ಲೇಡ್ ಸೇರಿಸುವುದು ಮಾಮೂಲಿ. ಆಮೇಲೆ ಖಾಲಿಯಲ್ಲಿ ಗಾಡಿ ಅಲೆಯುತ್ತದೆ ಅಂತ ಬರುತ್ತಾರೆ. ಎರಡಕ್ಕೂ ಸಂಬಂಧ ಇದೆ ಅಂದರೆ ನಂಬುವುದಿಲ್ಲ.

ಸೈಕಲ್ ನೋಡಿ. ಕೈಬಿಟ್ಟರೂ ಅದು ನೇರ ಹೋಗಲು ಮುಂದಿನ ಫೋರ್ಕ್ ಹಿಂದಕ್ಕೆ ಒರಗಿರುವುದೂ ಒಂದು ಕಾರಣ ಅಲ್ವಾ? ಲಾರಿಯ ಮುಂದಿನ ಚಕ್ರ ಎಡ ಬಲಕ್ಕೆ ತಿರುಗುವ ಕೀಲಾದ ಕಿಂಗ್ ಪಿನ್ನಿಗೂ ಅದೇ ಒರಗು ಕೊಟ್ಟಿರುತ್ತಾರೆ. ಅದಕ್ಕೆ ಕ್ಯಾಸ್ಟರ್ ಅಂತ ಹೆಸರು. ತುಂಬಾ ಗಾಡಿಗಳಲ್ಲಿ ಅದು ಎರಡು ಮೂರು ಡಿಗ್ರಿ ಅಷ್ಟೆ. ಹಿಂದೆ ಬ್ಲೇಡ್ ಸೇರಿಸಿದಾಗ ಚಾಸಿಯ ಹಿಂಭಾಗ ಮೇಲೇಳುತ್ತದೆ, ಇಡೀ ಗಾಡಿ ಮೂಗಿನ ಮೇಲೆ ಬಗ್ಗುತ್ತದೆ. ಚಕ್ರದಿಂದ ಚಕ್ರಕ್ಕೆ 5 ಮೀಟರ್ ಇರುವ ಗಾಡಿಯ ಹಿಂಭಾಗ 60 ಮಿಲಿಮೀಟರ್ ಎದ್ದರೆ ಸುಮಾರು 0.7 ಡಿಗ್ರಿ ಕ್ಯಾಸ್ಟರ್ ಹೋಯಿತು. ಎರಡು ಡಿಗ್ರಿಯಲ್ಲಿ ಮೂರನೇ ಒಂದು ಭಾಗ! ಆಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಮರಳುವುದಿಲ್ಲ. ಡ್ರೈವರ್ ಎಡಕ್ಕೂ ಬಲಕ್ಕೂ ತಿದ್ದುತ್ತಲೇ ಇರಬೇಕು. ಜೊತೆಗೆ ಕಮಾನು ಬಿಗಿಯಾಗಿ ಖಾಲಿಯಲ್ಲಿ ಹಿಂದಿನ ಚಕ್ರ ಕುಣಿಯುತ್ತದೆ. ಬಲವಾಗಿ ಬ್ರೇಕ್ ಹಿಡಿದರೆ ಹಿಂಭಾಗ ಅಡ್ಡಕ್ಕೆ ಬರುವ ಭಯ ಬೇರೆ. ಸೇರಿಸಿದ ಬ್ಲೇಡ್ ತೆಗೆಸಿ ಕಂಪನಿ ಅಳತೆಗೆ ತನ್ನಿ ಅಂತ ನಾನು ನೇರವಾಗಿ ಹೇಳುತ್ತೇನೆ. ಕೆಲವರು ಸಿಟ್ಟು ಮಾಡಿಕೊಂಡು ಹೋಗಿದ್ದಾರೆ, ಹೋಗಲಿ.

ಮುಂದಿನ ಕಮಾನು ಬಿಚ್ಚಿ ಕೂಡಿಸಿದ ಮೇಲೆ ಅಲೆತ ಶುರುವಾಗಿದ್ದರೆ ಆಕ್ಸಲ್ಲಿಗೂ ಕಮಾನಿಗೂ ನಡುವೆ ಇರುವ ಬೆಣೆ ಪ್ಲೇಟನ್ನು ನೋಡಿ. ಅದರ ಒಂದು ತುದಿ ದಪ್ಪ, ಒಂದು ತುದಿ ತೆಳು. ತಿರುಗಿಸಿ ಕೂರಿಸಿದರೆ ಕ್ಯಾಸ್ಟರ್ ಉಲ್ಟಾ ಆಗುತ್ತದೆ. ಎರಡು ಯು ಬೋಲ್ಟ್ ಬಿಚ್ಚಿ ಕಟ್ಟುವಷ್ಟರ ಕೆಲಸಕ್ಕೆ ಜನ ಸಾವಿರಾರು ರೂಪಾಯಿಯ ಪಾರ್ಟ್ ಬದಲಾಯಿಸಿದ್ದನ್ನು ನೋಡಿದ್ದೇನೆ.

ಮುಂದಿನ ಆಕ್ಸಲ್

ಆಕ್ಸಲ್ ಎತ್ತಿ ಸ್ಟ್ಯಾಂಡ್ ಕೊಡಿ, ಬರೀ ಜಾಕ್ ನಂಬಬೇಡಿ. ಚಕ್ರದ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಡಿದರೆ ಕ್ಲೀನರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಆಟ ನಿಂತರೆ ಬೇರಿಂಗ್ ಸಡಿಲ. ಬ್ರೇಕ್ ಹಿಡಿದರೂ ಆಡಿದರೆ ಕಿಂಗ್ ಪಿನ್ ಬುಶ್ ಸವೆದಿದೆ. ಈ ಒಂದು ಉಪಾಯ ಗೊತ್ತಿಲ್ಲದೆ ಸುಮ್ನೆ ಕಿಂಗ್ ಪಿನ್ ಕಿಟ್ ಹಾಕಿಸಿದವರು ಎಷ್ಟೋ ಜನ.

ಟೈ ರಾಡ್, ಸ್ಟೇರಿಂಗ್ ಬಾಕ್ಸಿನಿಂದ ಚಕ್ರದ ಕಡೆ ಬರುವ ಡ್ರ್ಯಾಗ್ ಲಿಂಕ್, ಇವುಗಳ ತುದಿಗಳನ್ನು ಚಕ್ರ ನೆಲದ ಮೇಲಿರುವಾಗಲೇ ನೋಡಬೇಕು. ಪಾರ್ಕಿಂಗ್ ಬ್ರೇಕ್ ಹಾಕಿ, ಕಲ್ಲು ಕೊಟ್ಟು, ಎಂಜಿನ್ ಚಾಲೂ ಇಟ್ಟು ಒಬ್ಬರು ಸ್ಟೇರಿಂಗನ್ನು ಸ್ವಲ್ಪ ಎಡಕ್ಕೆ ಬಲಕ್ಕೆ ಆಡಿಸಲಿ. ಇನ್ನೊಬ್ಬರು ಪಕ್ಕದಿಂದ ಬಗ್ಗಿ ನೋಡಲಿ. ರಾಡು ಆಡಿ ತೋಳು ಆಡದೆ ನಿಂತ ಜಾಗವೇ ಸಡಿಲದ ಜಾಗ.

ಮುಂದೆ ಎರಡು ಆಕ್ಸಲ್ ಇರುವ ಗಾಡಿಯಲ್ಲಿ ಎರಡೂ ಸ್ಟೇರಿಂಗ್ ಒಟ್ಟಿಗೆ ನೇರಕ್ಕೆ ಬರಬೇಕು. ಮೊದಲ ಆಕ್ಸಲ್ ನೇರ ಇದ್ದು ಎರಡನೆಯದು ತುಸು ತಿರುಗಿದ್ದರೆ ನಾಲ್ಕು ಟೈಯರೂ ಒಂದಕ್ಕೊಂದು ಕಾದಾಡುತ್ತವೆ. ಒಂದೊಂದು ಆಕ್ಸಲ್‌ನ ಟೋ ಮಾತ್ರ ಸರಿ ಮಾಡಿ ಕಳಿಸುವವರು ಇದನ್ನು ಮರೆಯುತ್ತಾರೆ. ಎರಡನ್ನೂ ಸೇರಿಸುವ ನಡುವಿನ ರಾಡಿನ ಉದ್ದವನ್ನು ಹೊಂದಿಸಿ. ತಿರುವಿನಲ್ಲಿ ಎರಡನೇ ಆಕ್ಸಲ್ ಕಡಿಮೆ ತಿರುಗುವುದು ಸಹಜ, ಅದನ್ನು ದೋಷ ಅಂದುಕೊಳ್ಳಬೇಡಿ.

ಗುಂಡಿ ಹಾರಿದ ಮೇಲೆ ಸ್ಟೇರಿಂಗ್ ಗಡಗಡ ನಡುಗಿದರೆ ಸವೆದ ಕಿಂಗ್ ಪಿನ್, ಬಾಗಿದ ಡಿಸ್ಕ್, ಸಡಿಲ ವೀಲ್ ನಟ್ಟು ಇವನ್ನು ನೋಡಿ. ನಟ್ಟಿನ ಸುತ್ತ ತುಕ್ಕಿನ ಗೆರೆ ಇಳಿದಿದ್ದರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ.

ಶಾಕ್ ಅಬ್ಸಾರ್ಬರಿಗೆ ಸುಲಭ ಪರೀಕ್ಷೆ: ಹತ್ತು ಕಿಲೋಮೀಟರ್ ಓಡಿಸಿ ಬಂದು ಮುಟ್ಟಿ ನೋಡಿ. ಕೆಲಸ ಮಾಡಿದ್ದು ಬೆಚ್ಚಗಿರುತ್ತದೆ, ಕೆಟ್ಟದ್ದು ತಣ್ಣಗಿರುತ್ತದೆ. ಬ್ರೇಕ್ ಡ್ರಮ್ಮನ್ನೂ ಆಗಲೇ ಹೋಲಿಸಿ, ಕೈ ತಾಗಿಸದೆ ಹತ್ತಿರ ಹಿಡಿದು. ಒಂದು ಮಾತ್ರ ಸುಡುತ್ತಿದ್ದರೆ ಅದು ಹಿಡಿದುಕೊಂಡಿದೆ, ಒಂದು ಮಾತ್ರ ತಣ್ಣಗಿದ್ದರೆ ಅದು ಹಿಡಿಯುತ್ತಲೇ ಇಲ್ಲ.

ಕೊನೆಗೆ ಸ್ಟೇರಿಂಗ್ ಬಾಕ್ಸ್

ಎಂಜಿನ್ ಚಾಲೂ ಇಟ್ಟು ಸ್ಟೇರಿಂಗ್ ಅಂಚಿನಲ್ಲಿ ಎಷ್ಟು ಆಟ ಇದೆ ನೋಡಿ. ಎರಡು ಇಂಚು ದಾಟಿದರೆ ನಮ್ಮ ಶೆಡ್ಡಿನಲ್ಲಿ ಹುಡುಕಲು ಶುರು ಮಾಡುತ್ತೇವೆ. ಬಾಕ್ಸ್ ಬಿಚ್ಚುವ ಮೊದಲು ಅದನ್ನು ಚಾಸಿಗೆ ಹಿಡಿದಿರುವ ಬೋಲ್ಟುಗಳನ್ನು ನೋಡಿ. ಬಾಕ್ಸಿನಿಂದ ಇಳಿಯುವ ತೋಳಾದ ಡ್ರಾಪ್ ಆರ್ಮ್‌ನ ನಟ್ಟು ನೋಡಿ. ಎಷ್ಟೋ ಸಲ ಬಾಕ್ಸೇ ಚಾಸಿಯ ಮೇಲೆ ಕುಣಿಯುತ್ತಿರುತ್ತದೆ. ಬೇರೆ ಕಡೆಯ ಸಡಿಲ ಮುಚ್ಚಲು ಬಾಕ್ಸಿನ ಅಡ್ಜಸ್ಟ್ ಸ್ಕ್ರೂ ಬಿಗಿ ಮಾಡಬೇಡಿ. ಸ್ಟೇರಿಂಗ್ ನಡುವಿನಲ್ಲಿ ಹಿಡಿದುಕೊಂಡು ಅಲೆತ ಇನ್ನೂ ಜಾಸ್ತಿಯಾಗುತ್ತದೆ.

ಆ ಹುಬ್ಬಳ್ಳಿ ಗಾಡಿಗೆ ಟಾರ್ಕ್ ರಾಡ್ ಬುಶ್ ಹಾಕಿ, ಆಕ್ಸಲನ್ನು ಅಳತೆಗೆ ತಂದು, ಯು ಬೋಲ್ಟ್ ಬಿಗಿದು, ಆಮೇಲೆ ಮುಂದಿನ ಟೋ ಹೊಂದಿಸಿದೆವು. ಸೀಬಿವರೆಗೆ ಹೋಗಿಬಂದ ಅಣ್ಣ ಇಳಿಯುವಾಗ ಭುಜ ಮುಟ್ಟಿಕೊಳ್ಳಲಿಲ್ಲ. “ಒಂದು ಲೋಡ್ ಹೊಡ್ಕೊಂಡು ವಾಪಸ್ ಬರುವಾಗ ಇಲ್ಲೇ ನಿಲ್ಲಿಸಿ” ಅಂದೆ. ಹೊಸದಾಗಿ ಬಿಗಿದ ಯು ಬೋಲ್ಟ್ ಲೋಡಿನಲ್ಲಿ ಓಡಿದ ಮೇಲೆ ಕೂತುಕೊಂಡು ಸ್ವಲ್ಪ ಸಡಿಲವಾಗುತ್ತದೆ, ಮತ್ತೊಮ್ಮೆ ಬಿಗಿಯಲೇಬೇಕು. ಐದನೇ ದಿನ ಬಂದ. ಎಂಟು ನಟ್ಟಿನಲ್ಲಿ ಮೂರು ನಟ್ಟು ತಲಾ ಕಾಲು ಸುತ್ತು ತಿರುಗಿದವು.